ಲೆಕ್ಕಕ್ಕೆ ಬಾರದ ಮೂರು

“ನಿಮ್ಮ ಅಮ್ಮನಿಗೆ, ಚಿಕ್ಕಮ್ಮ ದೊಡ್ಡಮ್ಮಂದಿರಿಗೆ ಯಾರಿಗಾದ್ರೂ ಗರ್ಭಪಾತ ಆದದ್ದುಂಟಾ?”

2008ರ ಮಳೆಗಾಲದಲ್ಲಿ ಡಾಕ್ಟರು ಹೀಗೆ ಕೇಳಿದಾಗ ನಾನು ಹಿಂದೆಮುಂದೆ ನೋಡದೆ “ಇಲ್ಲ” ಅಂದಿದ್ದೆ. ಅವರು ಅದನ್ನೇ ಬರೆದುಕೊಂಡರು. ನನ್ನ ಮೊದಲ ಬಸಿರು ಒಂಬತ್ತನೇ ವಾರದಲ್ಲಿ ಕಳೆದುಹೋಗಿ ಆಗ ಮೂರು ದಿನ ಆಗಿತ್ತು. ಬಸ್ಸಿನಲ್ಲಿ ಹೋದದ್ದು ತಪ್ಪಾಯ್ತಾ, ಪಪ್ಪಾಯಿ ತಿಂದದ್ದು ತಪ್ಪಾಯ್ತಾ, ಬಾವಿಯಿಂದ ನೀರು ಸೇದಿದ್ದು ತಪ್ಪಾಯ್ತಾ ಅಂತ ಮೂರು ದಿನವೂ ನನ್ನ ತಲೆಯೊಳಗೆ ವಿಚಾರಣೆ ನಡೀತಾ ಇತ್ತು. ಡಾಕ್ಟರು ಎಲ್ಲ ಕೇಳಿಸಿಕೊಂಡು ನಿಧಾನವಾಗಿ ಹೇಳಿದ್ರು: “ಗೊತ್ತಾದ ಬಸಿರುಗಳಲ್ಲೇ 100ಕ್ಕೆ 10ರಿಂದ 15 ಹೀಗೆ ಹೋಗ್ತವೆ. ಹೆಚ್ಚಿನವು ಮೊದಲ ಮೂರು ತಿಂಗಳಲ್ಲಿ. ಅದರಲ್ಲಿ ಅರ್ಧದಷ್ಟಾದ್ರೂ ಭ್ರೂಣದ ವರ್ಣತಂತುಗಳ ಹೆಚ್ಚುಕಮ್ಮಿಯಿಂದ. ನೀವು ನೀರು ಸೇದಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ.”

ಆ ಮಾತು ಕೇಳಿದ ಮೇಲೆ ನನಗೆ ಉಸಿರಾಡಲಿಕ್ಕೆ ಆಯ್ತು. ವಿಶ್ರಾಂತಿಗೆ ಅಂತ ಕೊಕ್ಕಡಕ್ಕೆ ಅಮ್ಮನ ಮನೆಗೆ ಬಂದೆ. ರಾತ್ರಿ ಬಚ್ಚಲಿನ ಹಂಡೆಗೆ ಬೆಂಕಿ ಒಟ್ಟುತ್ತಾ ಅಮ್ಮ, ನನ್ನ ಮುಖ ನೋಡದೆ, “ನಿನಗೆ ಒಂದು. ದೊಡ್ಡಮ್ಮನಿಗೆ ಮೂರು ಹೋಗಿತ್ತು ಗೊತ್ತುಂಟಾ?” ಅಂದಳು.

ಗೊತ್ತಿರಲಿಲ್ಲ. ದೊಡ್ಡಮ್ಮನ ಮನೆ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಅವರ ಕೈತುತ್ತು ತಿಂದು ಬೆಳೆದವಳು ನಾನು. ಅವರ ಮನೆಯ ದನದ ಹೆಸರು ಗೊತ್ತಿತ್ತು, ಅವರಿಗೆ ಯಾವ ಮೀನು ಆಗುವುದಿಲ್ಲ ಅಂತ ಗೊತ್ತಿತ್ತು. ಇದು ಮಾತ್ರ ಗೊತ್ತಿರಲಿಲ್ಲ. ಡಾಕ್ಟರಿಗೆ ನಾನು ಹೇಳಿದ ಉತ್ತರ ಸುಳ್ಳಾಗಿತ್ತು.

ಕೊಕ್ಕಡ ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಧರ್ಮಸ್ಥಳಕ್ಕೆ ಬಂದವರು ಹಾಗೇ ಸೌತಡ್ಕಕ್ಕೂ ಹೋಗ್ತಾರಲ್ಲ, ಅದೇ ಊರು. ಗುಡಿ ಗೋಪುರ ಇಲ್ಲದೆ ಬಯಲಲ್ಲೇ ಕೂತ ಗಣಪತಿ, ಸುತ್ತ ಸಾಲುಸಾಲು ಹರಕೆಯ ಗಂಟೆ. ಅದರಾಚೆ ಅಡಿಕೆ ತೋಟ, ರಬ್ಬರು, ಗೇರು ಗುಡ್ಡೆ. ದೊಡ್ಡಮ್ಮನ ಮನೆ ಗೇರು ಗುಡ್ಡೆಯ ಬುಡದಲ್ಲೇ.

ನಾವು ಶಾಲೆಗೆ ಹೋಗುವ ಕಾಲದಲ್ಲಿ, ಗೇರು ಚಿಗುರಿ ಹೂ ಬಿಡುವ ಹೊತ್ತಿಗೆ, ಹೆಲಿಕಾಪ್ಟರ್ ಬರುತ್ತಿತ್ತು. ಚಿಗುರಿನ ರಸ ಹೀರುವ ಟೀ ಸೊಳ್ಳೆಗೆ ಮದ್ದು ಬಿಡಲಿಕ್ಕೆ. ನಮಗೆ ಅದು ಜಾತ್ರೆ. ಸದ್ದು ಕೇಳಿದ ಕೂಡಲೇ ಅಂಗಳಕ್ಕೆ ಓಡುವುದು, ಕೈ ಬೀಸುವುದು. ಅದು ತಲೆಯ ಮೇಲೆ ಹಾದುಹೋದ ಮೇಲೆ ಮಂಜಿನ ಹಾಗೆ ಒಂದು ತೆಳು ಹನಿ ಇಳಿಯುತ್ತಿತ್ತು, ಒಣಹಾಕಿದ ಬಟ್ಟೆಯ ಮೇಲೆ, ದನದ ಹುಲ್ಲಿನ ಮೇಲೆ, ಮುಚ್ಚಳ ಇಲ್ಲದ ಬಾವಿಯ ಒಳಗೆ. ಮರುದಿನ ತೋಡಿನಲ್ಲಿ ಮೀನು ಸತ್ತು ತೇಲಿದರೆ ಮಕ್ಕಳಿಗೆ ಅದೂ ಒಂದು ತಮಾಷೆ. ಆ ಮದ್ದಿಗೆ ಎಂಡೋಸಲ್ಫಾನ್ ಅಂತ ಹೆಸರು ಅಂತ ತಿಳಿದದ್ದು ತುಂಬ ತಡವಾಗಿ. ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ 80ರ ದಶಕದಿಂದ 2000ದವರೆಗೆ ಅದು ಆಕಾಶದಿಂದ ಬಿತ್ತು.

ಗುಡ್ಡದಾಚೆ, ಕಾಸರಗೋಡಿನ ಎಣ್ಮಕಜೆಯ ಪಡ್ರೆಯಲ್ಲಿ ಕತೆ ನಮಗಿಂತ ಮೊದಲೇ ಶುರುವಾಗಿತ್ತು. ಅಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ. ಕೈಕಾಲು ಸೊಟ್ಟಗಿರುವ ಕರುಗಳು ಹುಟ್ಟುವುದನ್ನು ಕಂಡು ಪತ್ರಕರ್ತ ಶ್ರೀಪಡ್ರೆಯವರು 1979ರಲ್ಲೇ ಬರೆದಿದ್ದರು. ಆಮೇಲೆ ವಾಣೀನಗರದ ಡಾಕ್ಟರು ಮೋಹನ ಕುಮಾರ್, ತಮ್ಮಲ್ಲಿಗೆ ಬರುವ ರೋಗಿಗಳೆಲ್ಲ ಯಾಕೆ ಅಕ್ಕಪಕ್ಕದ ಮನೆಯವರೇ ಅಂತ ಗಮನಿಸಿ ಮನೆಮನೆಯ ಲೆಕ್ಕ ಬರೆದಿಟ್ಟರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪರೀಕ್ಷೆ ಮಾಡಿದರು. 2003ರಲ್ಲಿ ಪ್ರಕಟವಾದ ಅವರ ಅಧ್ಯಯನ, ಪಡ್ರೆಯ 117 ಹುಡುಗರನ್ನು ಬೇರೆ ಊರಿನ 90 ಹುಡುಗರ ಜೊತೆ ಹೋಲಿಸಿ, ಪಡ್ರೆಯವರು ಪ್ರಾಯಕ್ಕೆ ಬರುವುದೇ ತಡವಾಗಿದೆ, ಹಾರ್ಮೋನು ಏರುಪೇರಾಗಿದೆ ಅಂತ ಹೇಳಿತು.

ಹಾರ್ಮೋನು ಅಂದರೆ ದೇಹದ ಒಂದು ಭಾಗ ಇನ್ನೊಂದಕ್ಕೆ ಕಳಿಸುವ ಹೇಳಿಕೆ. ಮುಟ್ಟು ಯಾವಾಗ ಆಗಬೇಕು, ಬಸಿರು ನಿಲ್ಲಲಿಕ್ಕೆ ಗರ್ಭಕೋಶ ಹೇಗೆ ತಯಾರಾಗಬೇಕು, ಎಲ್ಲ ಅದರ ಮೂಲಕವೇ. ಎಂಡೋಸಲ್ಫಾನಿನಂಥ ಕೆಲವು ವಿಷಗಳು ಹಾರ್ಮೋನಿನ ವೇಷ ಕಟ್ಟಿಕೊಂಡು ರಂಗಸ್ಥಳಕ್ಕೆ ಬರುತ್ತವೆ. ದೇಹಕ್ಕೆ ಗುರುತು ಸಿಗುವುದಿಲ್ಲ, ಭಾಗವತಿಕೆ ತಪ್ಪುತ್ತದೆ. ತಾಯಿಯ ಮೈಯೊಳಗೆ ಸೇರಿದ್ದು ಹೊಕ್ಕುಳಬಳ್ಳಿಯ ರಕ್ತಕ್ಕೂ ಎದೆಹಾಲಿಗೂ ದಾಟುತ್ತದೆ ಅಂತ ಲೋಕದ ಬೇರೆ ಬೇರೆ ಕಡೆ ಪರೀಕ್ಷೆ ಮಾಡಿದವರು ಕಂಡಿದ್ದಾರೆ.

ದೊಡ್ಡಮ್ಮನ ಹತ್ತಿರ ನಾನು ಇದನ್ನೆಲ್ಲ ಮಾತಾಡಲು ಶುರುಮಾಡಿದ್ದು ಅಮ್ಮ ಹೇಳಿದ ಮರುದಿನ ಅಲ್ಲ. ಧೈರ್ಯ ಬರಲಿಕ್ಕೆ ಎರಡು ವರ್ಷ ಬೇಕಾಯ್ತು. ಅಷ್ಟು ಹೊತ್ತಿಗೆ ನನ್ನ ಮಗಳು ಹುಟ್ಟಿದ್ದಳು. ಬಾಣಂತನಕ್ಕೆ ಬಂದಾಗ ಎಣ್ಣೆ ಹಚ್ಚಿ ಮೀಯಿಸುತ್ತಿದ್ದವರು ದೊಡ್ಡಮ್ಮನೇ. ಕೈ ಎಣ್ಣೆಯಲ್ಲಿರುವಾಗ, ಮುಖ ನೋಡಬೇಕಾಗಿಲ್ಲದಾಗ ಹೆಂಗಸರು ಎಂತೆಂಥದ್ದೋ ಮಾತಾಡ್ತಾರೆ. ನಾನು ಕೇಳಿದೆ. ಅವರು ಹೇಳಿದರು.

ಇಸವಿ ತಾರೀಕು ಅವರಿಗೆ ಗೊತ್ತಿಲ್ಲ. “ಒಂದು ಕೋರಿ ಜಾತ್ರೆ ಕಳೆದ ವಾರ. ಒಂದು ಆಟಿಯಲ್ಲಿ, ಜೋರು ಮಳೆ, ತೋಡು ದಾಟ್ಲಿಕ್ಕೇ ಆಗ್ಲಿಲ್ಲ. ಇನ್ನೊಂದು ಗೇರು ಹೂ ಬಿಡುವಾಗ. ಅದು ಐದು ತಿಂಗಳಾಗಿತ್ತು ಮಗಾ.” ಮೊದಲೆರಡು ಹೊಟ್ಟೆ ಕಾಣುವ ಮೊದಲೇ ಹೋದವು. ಮೂರನೆಯದನ್ನು ತೋಟದ ಬದಿಯಲ್ಲಿ ಮಣ್ಣು ಮಾಡಿದರು. ಆಸ್ಪತ್ರೆಗೆ ಹೋದದ್ದು ಒಂದೇ ಸಲ, ರಕ್ತ ನಿಲ್ಲದೆ ಎಚ್ಚರ ತಪ್ಪಿದಾಗ. ಯಾವ ಚೀಟಿಯೂ ಉಳಿದಿಲ್ಲ.

ಮೊದಲನೆಯದಕ್ಕೆ ಮನೆಯಲ್ಲಿ ಸಿಕ್ಕ ಕಾರಣ, ಸೊಪ್ಪಿನ ಹೊರೆ ಹೊತ್ತದ್ದು. ಎರಡನೆಯದಕ್ಕೆ ಪ್ರಶ್ನೆ ಇಟ್ಟಾಗ ನಾಗದೋಷ ಕಂಡಿತು, ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿದರು. ಮೂರನೆಯದಕ್ಕೆ ಕಾರಣ ಹುಡುಕುವ ಕಷ್ಟ ಯಾರೂ ತೆಗೆದುಕೊಳ್ಳಲಿಲ್ಲ, ‘ಇವಳಿಗೆ ನಿಲ್ಲುವುದಿಲ್ಲ’ ಅಂದುಬಿಟ್ಟರು. ದೇವರಲ್ಲಿ ಅವರಿಗಿರುವ ನಂಬಿಕೆಯ ಮೇಲೆ ನನ್ನ ತಕರಾರು ಇಲ್ಲ. ಆ ದಿನಗಳಲ್ಲಿ ಅವರಿಗೆ ಇದ್ದ ಆಸರೆ ಅದೊಂದೇ. ಆದರೆ ಮೂರು ಸಲ ಬಸಿರು ಕಳೆದುಕೊಂಡ ಹೆಂಗಸಿಗೆ ಥೈರಾಯ್ಡ್ ನೋಡಬೇಕು, ಸಕ್ಕರೆ ನೋಡಬೇಕು, ರಕ್ತ ಹೆಪ್ಪುಗಟ್ಟುವ ತೊಂದರೆ ಉಂಟಾ ಅಂತ ನೋಡಬೇಕು, ಗರ್ಭಕೋಶದ ಆಕಾರ ನೋಡಬೇಕು, ಗಂಡನನ್ನೂ ಕರೆದು ಪರೀಕ್ಷೆ ಮಾಡಬೇಕು ಅಂತ ಒಬ್ಬರಾದರೂ ಹೇಳಬೇಕಿತ್ತು. ಈಗ ಎರಡು ಸಲ ಹೋದರೇ ಡಾಕ್ಟರು ಈ ಪರೀಕ್ಷೆಗಳನ್ನು ಬರೆಯುತ್ತಾರೆ.

ನಾಲ್ಕನೆಯದು ನಿಂತಿತು. 1993ರಲ್ಲಿ ಗಂಡುಮಗು. ದೊಡ್ಡಪ್ಪ ಸೌತಡ್ಕಕ್ಕೆ ದೊಡ್ಡ ಗಂಟೆಯನ್ನೇ ಕೊಟ್ಟರು. ಮಗು ಕುತ್ತಿಗೆ ಎತ್ತುವುದಿಲ್ಲ ಅಂತ ದೊಡ್ಡಮ್ಮನಿಗೆ ಆರನೇ ತಿಂಗಳಿಗೆ ಸಂಶಯ ಬಂತು. ಅಣ್ಣು, ನಾವು ಅವನನ್ನು ಕರೆಯುವುದು ಹಾಗೆ, ಇವತ್ತಿಗೂ ನಡೆಯುವುದಿಲ್ಲ, ಮಾತಿಲ್ಲ. ದೊಡ್ಡಮ್ಮನ ಚಪ್ಪಲಿಯ ಸದ್ದು ಕೇಳಿದರೆ ನಗುತ್ತಾನೆ.

ಆಮೇಲಿನದ್ದು ಪೇಪರು ಓದುವವರಿಗೆ ಗೊತ್ತಿದ್ದದ್ದೇ. ಕೊಕ್ಕಡದವರೇ ಆದ, ತಾವೇ ದೃಷ್ಟಿ ಕಳೆದುಕೊಂಡ ಶ್ರೀಧರ ಗೌಡರು ಹೋರಾಟದ ಮುಂದೆ ನಿಂತರು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆಯಿತು. ನಮ್ಮಲ್ಲಿ ಸಂತ್ರಸ್ತರ ಪಟ್ಟಿಯಾಯಿತು, ಕಾರ್ಡು ಬಂತು, ಮಾಸಾಶನ ಬಂತು, ಕೊಕ್ಕಡದಲ್ಲೇ ಪಾಲನಾ ಕೇಂದ್ರ ಬಂತು. ಅಣ್ಣು ಹಗಲು ಅಲ್ಲಿಗೆ ಹೋಗಲು ಶುರುಮಾಡಿದ ಮೇಲೆ ದೊಡ್ಡಮ್ಮ ಎಷ್ಟೋ ವರ್ಷಗಳ ನಂತರ ಒಂದು ಮಧ್ಯಾಹ್ನ ನಿದ್ದೆ ಮಾಡಿದರಂತೆ.

ಪಟ್ಟಿ ಮಾಡುವ ಶಿಬಿರಕ್ಕೆ ಅವರ ಜೊತೆ ನಾನೂ ಹೋಗಿದ್ದೆ. ವೈಕಲ್ಯ ಶೇ. 25ಕ್ಕಿಂತ ಮೇಲಾ, ಶೇ. 60ಕ್ಕಿಂತ ಮೇಲಾ, ಅದರ ಮೇಲೆ ದುಡ್ಡಿನ ಲೆಕ್ಕ. ಅಣ್ಣುವಿನ ಕೈ ನೋಡಿದರು, ಕಾಲು ನೋಡಿದರು, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಅವನನ್ನು ಎತ್ತಿಕೊಂಡು ನಿಂತಿದ್ದ ಹೆಂಗಸನ್ನು ಯಾರೂ ಏನೂ ಕೇಳಲಿಲ್ಲ. ಅವರ ಮೇಲೆ ಸಿಟ್ಟಿಲ್ಲ. ನೂರಾರು ಮಂದಿ ಸಾಲು ನಿಂತಿದ್ದರು. ಬದುಕಿರುವ ಮಗುವಿನ ಕಷ್ಟ ಕಣ್ಣಿಗೆ ಕಾಣುತ್ತದೆ, ಶೇಕಡಾ ಹಾಕಬಹುದು. ಹುಟ್ಟದೇ ಹೋದದ್ದಕ್ಕೆ ಶೇಕಡಾ ಎಷ್ಟು?

ಆ ಮೂರೂ ಹೋದದ್ದು ಎಂಡೋಸಲ್ಫಾನಿನಿಂದಲೇ ಅಂತ ನಾನು ಹೇಳಲಾರೆ. ದೊಡ್ಡಮ್ಮ ಹೇಳಿದ ಕಾಲ ಹಿಡಿದು ನೋಡಿದರೆ ಎರಡು ಮದ್ದು ಬಿಡುವ ತಿಂಗಳಲ್ಲಿ ಬರುತ್ತವೆ, ಒಂದು ಆಟಿಯಲ್ಲಿ. ಆಟಿಯ ಮಳೆಗೆ ಹೆಲಿಕಾಪ್ಟರ್ ಬರುವುದಿಲ್ಲ. ನನಗೆ ಹೇಗೆ ಒಂದು ಹೋಯಿತೋ ಹಾಗೆ ಅವರಿಗೂ ಹೋಗಿರಬಹುದು. ಥೈರಾಯ್ಡೂ ಇದ್ದಿರಬಹುದು. ಬಾವಿಯ ನೀರೂ ಇದ್ದಿರಬಹುದು. ಆ ಹೊತ್ತಿಗೆ ಒಬ್ಬರು ಕೇಳಿ, ತಾರೀಕು ಹಾಕಿ ಬರೆದಿಟ್ಟಿದ್ದರೆ, ಗೇರು ಗುಡ್ಡೆಯ ಬುಡದ ನಲವತ್ತು ಮನೆಗಳದ್ದೂ ಹಾಗೇ ಬರೆದಿಟ್ಟಿದ್ದರೆ ಉತ್ತರ ಸಿಗುತ್ತಿತ್ತು. ಪಡ್ರೆಯ ಡಾಕ್ಟರು ಮಾಡಿದ್ದು ಅದನ್ನೇ ತಾನೇ, ಬರೆದಿಟ್ಟದ್ದು. ನಮ್ಮ ಕಡೆ ಹೆಂಗಸರ ವಿಷಯ ಬಂದಾಗ ‘ಹೊರಗೆ ಕೂತಿದ್ದಾಳೆ’, ‘ನಿಲ್ಲಲಿಲ್ಲ’ ಅಂತ ಎರಡು ಶಬ್ದದಲ್ಲಿ ಮುಗಿಸಿ ಬಾಗಿಲು ಹಾಕಿಕೊಂಡೆವು. ಮಾನ ಉಳಿಯಿತು, ಸಾಕ್ಷಿ ಉಳಿಯಲಿಲ್ಲ.

ಆದ್ದರಿಂದ ನಮ್ಮ ಮನೆಯಲ್ಲಿ ಈಗ ಒಂದು ಪುಸ್ತಕ ಉಂಟು. ಇನ್ನೂರು ಪುಟದ ಸಾದಾ ನೋಟ್ ಪುಸ್ತಕ. ಮಗಳು ದೊಡ್ಡವಳಾದ ದಿನ ತಂದದ್ದು. ಆರತಿ, ಹೊಸ ಬಟ್ಟೆ ಎಲ್ಲ ಅಜ್ಜಿಯ ಇಷ್ಟದಂತೆ ನಡೆಯಿತು, ನನ್ನ ಇಷ್ಟಕ್ಕೆ ಈ ಪುಸ್ತಕ. ಮುಟ್ಟು ಶುರುವಾದ ತಾರೀಕು, ಮುಗಿದ ತಾರೀಕು, ನೋವಿತ್ತಾ, ಎಷ್ಟು ಪ್ಯಾಡು, ಅಷ್ಟೇ. “ಮೊಬೈಲಲ್ಲೇ ಆ್ಯಪ್ ಉಂಟಲ್ಲಮ್ಮ” ಅಂತಾಳೆ. ಉಂಟು. ಮೊಬೈಲು ಬದಲಾಗ್ತದೆ, ಪುಸ್ತಕ ಕಪಾಟಿನಲ್ಲಿರ್ತದೆ ಅಂತ ನನ್ನ ವಾದ.

ಬರೆಯಲು ಶುರುಮಾಡಿದರೆ ಎಷ್ಟೋ ಹೆದರಿಕೆ ತನ್ನಷ್ಟಕ್ಕೆ ಹೋಗ್ತದೆ. ಮುಟ್ಟು 28 ದಿನಕ್ಕೇ ಆಗಬೇಕು ಅಂತ ಇಲ್ಲ. 21ರಿಂದ 35 ದಿನದೊಳಗೆ ಆದರೆ ಸರಿಯೇ, ಹೊಸದಾಗಿ ಶುರುವಾದ ಹುಡುಗಿಯರಿಗೆ 45ರವರೆಗೆ ಹೋದರೂ ಗಾಬರಿ ಬೇಡ. ಏಳು ದಿನ ಕಳೆದರೂ ನಿಲ್ಲದಿದ್ದರೆ, ಗಂಟೆಗೊಂದು ಎರಡು ಗಂಟೆಗೊಂದು ಪ್ಯಾಡು ಒದ್ದೆಯಾದರೆ, ಮೂರು ತಿಂಗಳು ಮುಟ್ಟೇ ಬಾರದಿದ್ದರೆ ‘ಮದುವೆಯಾದ ಮೇಲೆ ಸರಿಯಾಗ್ತದೆ’ ಅಂತ ಕೂರುವುದಲ್ಲ. ಜಾಸ್ತಿ ಹೋಗುವವರು ಹಿಮೋಗ್ಲೋಬಿನ್ ನೋಡಿಸಬೇಕು. ಬಸಿರಿಲ್ಲದ ಹೆಂಗಸಿಗೆ 12ಕ್ಕಿಂತ, ಬಸುರಿಗೆ 11ಕ್ಕಿಂತ ಕೆಳಗಿದ್ದರೆ ಅದು ರಕ್ತಹೀನತೆ. ‘ಸುಸ್ತು ಮಾರಾಯ್ತಿ’ ಅಂತ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ ನಮ್ಮ ಹಿಂದಿನವರು ಎಷ್ಟು ಮಂದಿಗೆ ಬರೀ ಕಬ್ಬಿಣದ ಮಾತ್ರೆ ಸಾಕಿತ್ತೋ. ಬಿಳಿಸೆರಗು ಎಲ್ಲರಿಗೂ ಸ್ವಲ್ಪ ಇರ್ತದೆ. ವಾಸನೆ, ತುರಿಕೆ, ಬಣ್ಣ ಬದಲು ಇದ್ದರೆ ತೋರಿಸಬೇಕು.

ಇನ್ನೊಂದು ನಾನು ಮದುವೆ ಗೊತ್ತಾದ ಹುಡುಗಿಯರಿಗೆಲ್ಲ ಹೇಳ್ತೇನೆ, ಕೆಲವರು ನಗ್ತಾರೆ. ಮಗು ಬೇಕು ಅಂತ ಯೋಚಿಸಿದ ತಿಂಗಳೇ ಫೋಲಿಕ್ ಆಸಿಡ್ ಮಾತ್ರೆ ಶುರುಮಾಡಬೇಕು. ದಿನಕ್ಕೆ 400 ಮೈಕ್ರೋಗ್ರಾಂ ಸಾಕು, ಕೆಲವರಿಗೆ ಹೆಚ್ಚು ಬೇಕಾಗ್ತದೆ, ಡಾಕ್ಟರು ಹೇಳ್ತಾರೆ. ಮಗುವಿನ ಮಿದುಳು ಬೆನ್ನುಹುರಿಗೆ ಆಗುವ ನಾಳ ಬಸಿರು ಕಟ್ಟಿದ 28 ದಿನದ ಸುಮಾರಿಗೆ ಮುಚ್ಚಿ ಆಗಿರ್ತದೆ. ಮುಟ್ಟು ನಿಂತು, ಅತ್ತೆಗೆ ಸಂಶಯ ಬಂದು, ಆಸ್ಪತ್ರೆಗೆ ಹೋಗುವಾಗ ಆ ಕೆಲಸ ಮುಗಿದಿರ್ತದೆ. ಬಸಿರಾದ ಮೇಲೆ ತಾಯಿ ಕಾರ್ಡು ಉಂಟು, ಮನೆಗೇ ಬರುವ ಆಶಾ ಉಂಟು, ತಿಂಗಳ 9ನೇ ತಾರೀಕಿಗೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ ಪರೀಕ್ಷೆ ಉಂಟು. ದೊಡ್ಡಮ್ಮನ ಕಾಲದಲ್ಲಿ ಇದೊಂದೂ ಇರಲಿಲ್ಲ.

ಪುಸ್ತಕದ ಹಿಂದಿನ ಪುಟದಲ್ಲಿ ಮನೆಯ ಹಿರಿಯ ಹೆಂಗಸರ ವಿವರ ಬರೆದಿದ್ದೇವೆ. ಅಮ್ಮನಿಗೆ ಎಷ್ಟನೇ ವಯಸ್ಸಿಗೆ ಮುಟ್ಟು ನಿಂತಿತು, ಯಾರಿಗೆ ಸಕ್ಕರೆ, ಯಾರಿಗೆ ಗರ್ಭಕೋಶ ತೆಗೆದದ್ದು, ಯಾಕೆ. ಎರಡು ವರ್ಷದ ಹಿಂದೆ ಮಗಳು ರಜೆಯಲ್ಲಿ ದೊಡ್ಡಮ್ಮನ ಪುಟ ತುಂಬಲಿಕ್ಕೆ ಹೋದಳು. ಇವಳದ್ದೊಂದು ಹುಚ್ಚು ಅಂತ ನಗುತ್ತಲೇ ಅವರು ಉತ್ತರ ಕೊಟ್ಟರಂತೆ. “ದೊಡ್ಡಜ್ಜಿ, ನಿಮಗೆ ನಿಂತದ್ದು ಯಾವಾಗ?” “ಐವತ್ತಕ್ಕೇ ನಿಂತಿದೆ ಮಗಾ. ಈಗ ನಾಲ್ಕೈದು ತಿಂಗಳಿಂದ ಪುನಃ ಸ್ವಲ್ಪ ಸ್ವಲ್ಪ ಹೋಗ್ತಾ ಉಂಟು.”

ಮಗಳು ಓಡಿಬಂದು ನನಗೆ ಹೇಳಿದಳು. ನನ್ನ ಕೈಕಾಲು ತಣ್ಣಗಾಯಿತು. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಡಾಕ್ಟರಿಗೆ ತೋರಿಸಲೇಬೇಕು. ಹತ್ತರಲ್ಲಿ ಒಂಬತ್ತು ಮಂದಿಗೆ ಅದು ಕ್ಯಾನ್ಸರ್ ಆಗಿರುವುದಿಲ್ಲ. ಆ ಒಬ್ಬರು ಯಾರು ಅಂತ ನೋಡದೆ ಗೊತ್ತಾಗುವುದಿಲ್ಲ.

“ನಾಲ್ಕೈದು ತಿಂಗಳು ಯಾಕೆ ಹೇಳ್ಲಿಲ್ಲ ದೊಡ್ಡಮ್ಮ?”

“ಹೇಳಿ ಎಂತ ಮಾಡುವುದು? ಆಸ್ಪತ್ರೆಯಲ್ಲಿ ಮಲಗು ಅಂದ್ರೆ ಅಣ್ಣುವನ್ನು ರಾತ್ರಿ ಯಾರು ನೋಡುವುದು?”

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಣ್ಣುವಿನಂಥ ಮಕ್ಕಳಿರುವ ಮನೆಯ ತಾಯಂದಿರೆಲ್ಲ ಹೀಗೇ, ತಮ್ಮ ಮೈಯನ್ನು ಅಟ್ಟದ ಮೇಲೆ ಇಟ್ಟುಬಿಟ್ಟವರು. ಅಮ್ಮ ಅಣ್ಣುವಿನ ಹತ್ತಿರ ಮಲಗಲು ಒಪ್ಪಿದಳು. ಮರುದಿನ ಬೆಳಗ್ಗಿನ ಬಸ್ಸಿಗೆ ನಾವಿಬ್ಬರು ಹೊರಟೆವು.

ಡಾಕ್ಟರು ಚಿಕ್ಕ ಪ್ರಾಯದ ಹುಡುಗಿ. “ಎಷ್ಟು ಮಕ್ಕಳಮ್ಮ?” ಅಂತ ಕೇಳಿದರು.

“ಒಬ್ಬ ಮಗ.”

“ಬಸಿರಾದದ್ದು ಎಷ್ಟು ಸಲ?”

ದೊಡ್ಡಮ್ಮ ನನ್ನ ಕಡೆ ನೋಡಿದರು. ನಾನು ಹೇಳಿಬಿಡಬಹುದಿತ್ತು. ಸುಮ್ಮನೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವರೇ, “ನಾಲ್ಕು” ಅಂದರು. ಆಮೇಲೆ ಡಾಕ್ಟರು ಕೇಳದಿದ್ದರೂ ಹೇಳಿದರು, ಕೋರಿ ಜಾತ್ರೆ, ಆಟಿ, ಗೇರು ಹೂ.

ಸ್ಕ್ಯಾನ್ ಆಯಿತು, ಗರ್ಭಕೋಶದ ಒಳಪದರದ ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ಆ ಹತ್ತು ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಪಾಲಿಪ್ ಅಂತ ಬಂತು. ಒಳಗೆ ಬೆಳೆದ ಒಂದು ಮಾಂಸದ ಗುಳ್ಳೆ, ಕ್ಯಾನ್ಸರ್ ಅಲ್ಲ. ತೆಗೆದರು. ಒಂದೇ ರಾತ್ರಿ ಆಸ್ಪತ್ರೆಯಲ್ಲಿ ಇದ್ದದ್ದು. ಅಣ್ಣು ಆ ರಾತ್ರಿ ನಿದ್ದೆ ಮಾಡಲಿಲ್ಲ, ಅಮ್ಮನನ್ನೂ ಮಾಡಗೊಡಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡಮ್ಮ ಆಸ್ಪತ್ರೆಯ ಚೀಟಿ ಬಿಡಿಸಿ, ಮೇಲಿನ ಸಾಲಿನ ಮೇಲೆ ಬೆರಳಿಟ್ಟು, “ಇದು ಎಂತ ಬರೆದದ್ದು?” ಅಂತ ಕೇಳಿದರು. ‘ಪಿ 1, ಎಲ್ 1, ಎ 3’ ಅಂತಿತ್ತು. ಹೆರಿಗೆ ಒಂದು, ಬದುಕಿರುವ ಮಗು ಒಂದು, ಕಳೆದುಹೋದ ಬಸಿರು ಮೂರು ಅಂತ ಅರ್ಥ ಹೇಳಿದೆ.

“ಮೂರೂ ಬರ್ದಿದ್ದಾರಾ?”

“ಬರ್ದಿದ್ದಾರೆ.”

ಮನೆಗೆ ಬಂದ ಮೇಲೆ ಅವರು ಆ ಚೀಟಿಯನ್ನು ಮಡಚಿ, ಅಣ್ಣುವಿನ ಕಾರ್ಡು ಇಟ್ಟಿರುವ ಪ್ಲಾಸ್ಟಿಕ್ ತೊಟ್ಟೆಯಲ್ಲೇ ಹಾಕಿ ಕಪಾಟಿನಲ್ಲಿಟ್ಟರು. ಈಗಲೂ ಅಲ್ಲೇ ಉಂಟು.